ಒಗ್ಗರಣೆ, ಅಲಾರಾಂ ಮತ್ತು ನುಗ್ಗೆಕಾಯಿ ನಾರು

ಅಮೆರಿಕದಲ್ಲಿರುವ ಮಕ್ಕಳ ಮನೆಯ ಸಣ್ಣಪುಟ್ಟ ಪಜೀತಿಗಳ ಬಗ್ಗೆ ಈ ಸಲದ ಪ್ರಶ್ನೆಗಳು.

ಪ್ರಶ್ನೆ: ಅಪ್ಪ–ಅಮ್ಮ ಮೈಸೂರಿನಿಂದ ಬಂದಿದ್ದಾರೆ. ನಾವು ಕೆಲಸಕ್ಕೆ ಹೋದ ಮೇಲೆ ಅಮ್ಮ ಸಾರಿಗೆ ಒಗ್ಗರಣೆ ಹಾಕಿದರೆ ಸಾಕು, ಸ್ಮೋಕ್ ಅಲಾರಾಂ ಕಿರುಚುತ್ತದೆ. ಮೊನ್ನೆ ಅಪ್ಪ ಸ್ಟೂಲ್ ಹತ್ತಿ ಬ್ಯಾಟರಿಯನ್ನೇ ಕಿತ್ತಿಟ್ಟಿದ್ದಾರೆ. — ಓದುಗರು, ಸನ್ನಿವೇಲ್

ಉತ್ತರ: ಬ್ಯಾಟರಿಯನ್ನು ಇವತ್ತೇ ವಾಪಸ್ ಹಾಕಿ. ಅಲಾರಾಂ ಮೇಲೊಂದು ಗುಂಡಿ ಇರುತ್ತದೆ. ಒತ್ತಿದರೆ ಸಾಮಾನ್ಯವಾಗಿ ಕೆಲವು ನಿಮಿಷ ಸುಮ್ಮನಿರುತ್ತದೆ. ಅದಕ್ಕೆ ಸ್ಟೂಲ್ ಬೇಡ, ಪೊರಕೆಯ ಹಿಡಿ ಸಾಕು. ಈ ವಯಸ್ಸಿನಲ್ಲಿ ಹೊಗೆಗಿಂತ ಸ್ಟೂಲೇ ಹೆಚ್ಚು ಅಪಾಯ.

ತಪ್ಪು ಅಮ್ಮನದಲ್ಲ, ಒಲೆಯದು. ಗ್ಯಾಸ್ ಆರಿಸಿದ ಕ್ಷಣ ಉರಿ ನಿಲ್ಲುತ್ತದೆ. ಕರೆಂಟ್ ಒಲೆಯ ಕಾಯಿಲ್ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಕಾದೇ ಇರುತ್ತದೆ, ಎಣ್ಣೆ ಹೊಗೆಯಾಡುತ್ತದೆ. ದುಂಡು ತಳದ ಒಗ್ಗರಣೆ ಸೌಟು ಗಾಜಿನ ಒಲೆಯ ಮೇಲೆ ಕೂರುವುದೂ ಇಲ್ಲ. ಚಪ್ಪಟೆ ತಳದ ಪುಟ್ಟ ಬಾಣಲೆ ತಂದುಕೊಡಿ. ಎರಡು ಚಮಚ ಎಣ್ಣೆ, ನಾಬ್ ಅರ್ಧಕ್ಕಿಂತ ಮೇಲೆ ಬೇಡ. ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಿ. ಅದು ಸಿಡಿದರೆ ಮಿಕ್ಕಿದ್ದು ಹಾಕಿ. ಎಲ್ಲ ಸಿಡಿದ ಮೇಲೆ ಬಾಣಲೆಯನ್ನು ಪಕ್ಕದ ತಣ್ಣಗಿನ ಒಲೆಗೆ ಸರಿಸಿ, ಇಂಗು, ಕರಿಬೇವು, ಕೆಂಪು ಮೆಣಸಿನಕಾಯಿ ಹಾಕಿ. ಆ ಬಿಸಿಯೇ ಅವಕ್ಕೆ ಸಾಕು, ಘಾಟೂ ಏಳುವುದಿಲ್ಲ.

ಫ್ಯಾನನ್ನೂ ಕಿಟಕಿಯನ್ನೂ ಎಣ್ಣೆ ಇಡುವ ಮೊದಲೇ ಸಜ್ಜುಮಾಡಿ. ಅನೇಕ ಅಪಾರ್ಟ್‌ಮೆಂಟ್‌ಗಳ ಚಿಮಣಿ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಸೋಸಿ ನಿಮ್ಮ ಮುಖಕ್ಕೇ ಊದುತ್ತದೆ. ಹೊಗೆ ಹೋಗಲೆಂದು ಕಾರಿಡಾರಿನ ಕಡೆಯ ಮುಂಬಾಗಿಲನ್ನು ಮಾತ್ರ ತೆರೆಯಬೇಡಿ. ಅಲ್ಲಿನ ಡಿಟೆಕ್ಟರ್ ಇಡೀ ಕಟ್ಟಡದ ಅಲಾರಾಂಗೆ ಸೇರಿದ್ದರೆ, ನಿಮ್ಮ ಸಾರಿನ ಒಗ್ಗರಣೆಗೆ ಫೈರ್ ಎಂಜಿನ್ ಬರುತ್ತದೆ. ಎಣ್ಣೆಗೇ ಬೆಂಕಿ ಹತ್ತಿದರೆ ನೀರು ಬೇಡವೇ ಬೇಡ. ಮುಚ್ಚಳ ಮುಚ್ಚಿ, ಒಲೆ ಆಫ್ ಮಾಡಿ, ಬಾಣಲೆ ಎತ್ತಬೇಡಿ. ಆರದಿದ್ದರೆ ಹೊರಗೆ ಬಂದು ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಗನ ಮನೆಯ ಸಿಂಕಿನೊಳಗಿನ ಗ್ರೈಂಡರಿಗೆ ಜಗಿದ ನುಗ್ಗೆಕಾಯಿ ಹಾಕಿದೆ. ಈಗ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಅವನು ಆಫೀಸಿನಿಂದ ಬರಬೇಕೇ? — ಓದುಗರು, ಎಡಿಸನ್

ಉತ್ತರ: ಬೇಡ, ಫೋನಿನಲ್ಲಿ ಜೊತೆಗಿದ್ದರೆ ಸಾಕು. ಗುಂಯ್ ಎಂದರೆ ಮೋಟರಿಗೆ ಕರೆಂಟ್ ಬರುತ್ತಿದೆ, ಒಳಗೆ ತಿರುಗುವ ತಟ್ಟೆ ಸಿಕ್ಕಿಕೊಂಡಿದೆ. ಹಾಗೆಯೇ ಸ್ವಿಚ್ ಹಾಕಿಟ್ಟರೆ ಮೋಟರ್ ಕಾಯುತ್ತದೆ. ಆಫ್ ಮಾಡಿ, ಸಿಂಕಿನ ಕೆಳಗಿನ ಪ್ಲಗ್ ಕೀಳಿ. ಪ್ಲಗ್ ಕಾಣದಿದ್ದರೆ ಮನೆಯ ಕರೆಂಟ್ ಪೆಟ್ಟಿಗೆಯಲ್ಲಿ ಆ ಲೈನಿನ ಸ್ವಿಚ್, ಅಂದರೆ ಬ್ರೇಕರ್, ಇಳಿಸಿ. ಆಮೇಲೂ ಒಳಗೆ ಕೈ ಹಾಕಬೇಡಿ. ಟಾರ್ಚ್ ಬಿಟ್ಟು ನೋಡಿ, ಸಿಕ್ಕ ನಾರನ್ನು ಇಕ್ಕಳದಿಂದ ಎಳೆಯಿರಿ. ಎಷ್ಟೋ ಸಲ ನಾರಿನ ಜೊತೆ ಕಾಣೆಯಾದ ಟೀ ಚಮಚವೂ ಬರುತ್ತದೆ.

ಈಗ ಬಗ್ಗಿ ಯಂತ್ರದ ತಳ ನೋಡಿ. ಬಹಳಷ್ಟು ಮಾಡೆಲ್‌ಗಳಲ್ಲಿ ನಟ್ಟನಡುವೆ ಆರು ಮೂಲೆಯ ಸಣ್ಣ ತೂತಿರುತ್ತದೆ. ಕಾಲು ಇಂಚಿನ ಅಲೆನ್ ಕೀ ತೂರಿಸಿ ಎಡಕ್ಕೆ, ಬಲಕ್ಕೆ ಆಡಿಸಿ. ಪೂರ್ತಿ ಒಂದು ಸುತ್ತು ಸಲೀಸಾಗಿ ಬರಬೇಕು. ತೂತಿಲ್ಲದಿದ್ದರೆ ಮೇಲಿನಿಂದ ಪೊರಕೆಯ ಹಿಡಿ ಇಳಿಸಿ ತಟ್ಟೆಯನ್ನು ತಳ್ಳಿ. ಹತ್ತು ನಿಮಿಷ ಆರಲು ಬಿಟ್ಟು, ತಳದ ಕೆಂಪು ಗುಂಡಿ ಒತ್ತಿ. ಗುಂಡಿ ಒಳಗೆ ನಿಂತರೆ ಪ್ಲಗ್ ಹಾಕಿ, ತಣ್ಣೀರು ಬಿಟ್ಟು ಸ್ವಿಚ್ ಹಾಕಿ. ಬಿಸಿನೀರು ಬೇಡ: ಕರಗಿದ ತುಪ್ಪ ಪೈಪಿನಲ್ಲಿ ಮುಂದೆ ಹೋಗಿ ಅಲ್ಲಿ ಹೆಪ್ಪುಗಟ್ಟುತ್ತದೆ.

ಒಳಗೆ ಮಿಕ್ಸಿಯಂಥ ಬ್ಲೇಡ್ ಇದೆ ಎಂದುಕೊಳ್ಳುವುದರಿಂದಲೇ ಈ ಫಜೀತಿ. ಇರುವುದು ತಿರುಗುವ ತಟ್ಟೆ. ಅದು ಚೂರುಗಳನ್ನು ಸುತ್ತಲಿನ ಒರಟು ಬಳೆಗೆ ಬಡಿದು ಅರೆಯುತ್ತದೆ. ನಾರು ಅರೆಯುವುದಿಲ್ಲ, ಸುತ್ತಿಕೊಳ್ಳುತ್ತದೆ. ನುಗ್ಗೆ, ಬಾಳೆದಿಂಡು, ಕರಿಬೇವಿನ ಕಡ್ಡಿ, ತೆಂಗಿನ ನಾರು, ಈರುಳ್ಳಿ ಸಿಪ್ಪೆ ಎಲ್ಲ ಕಸದ ಬುಟ್ಟಿಗೆ. ಅನ್ನವೂ ಬೇಡ, ಪೈಪಿನಲ್ಲಿ ಉಬ್ಬುತ್ತದೆ.

ಪ್ರಶ್ನೆ: ಕಮೋಡ್ ಕಟ್ಟಿಕೊಂಡು ನೀರು ಏರುತ್ತಿದ್ದರೆ ಅತ್ತೆಯವರಿಗೆ ಫೋನಿನಲ್ಲಿ ಏನು ಹೇಳಲಿ? — ಓದುಗರು, ಡಲ್ಲಾಸ್

ಉತ್ತರ: ಎರಡು ಮಾತು ಸಾಕು: ಇನ್ನೊಮ್ಮೆ ಫ್ಲಶ್ ಮಾಡಬೇಡಿ; ಕಮೋಡಿನ ಹಿಂದೆ, ಗೋಡೆಯ ಹತ್ತಿರದ ವಾಲ್ವನ್ನು ಬಲಕ್ಕೆ ತಿರುಗಿಸಿ ಮುಚ್ಚಿ. ಇದನ್ನು ನೀವು ಮನೆಯಲ್ಲಿದ್ದಾಗಲೇ ಒಮ್ಮೆ ಅವರ ಕೈಯಿಂದ ಮಾಡಿಸಿ. ಅಲ್ಲಿನ ಮನೆಯ ಬಚ್ಚಲಿನ ನೆಲಕ್ಕೆ ಸಾಮಾನ್ಯವಾಗಿ ಮೋರಿ ಇರುವುದಿಲ್ಲ. ಚೆಲ್ಲಿದ ನೀರು ಕೆಳಮನೆಯ ಸೀಲಿಂಗಿಗೇ ಇಳಿಯುತ್ತದೆ, ಹಳೆ ಟವೆಲ್‌ಗಳನ್ನು ಕೈಗೆ ಸಿಗುವಂತೆ ಇಡಿ.

ಪ್ರಶ್ನೆ: ಅಡುಗೆಮನೆಯ ಸಾಕೆಟ್ ಸತ್ತಿದೆ, ಲೈಟು ಉರಿಯುತ್ತಿದೆ. ಅಣ್ಣ ಊರಲ್ಲಿಲ್ಲ. — ಓದುಗರು, ಷಾರ್ಲಟ್

ಉತ್ತರ: ಸಿಂಕಿನ ಹತ್ತಿರದ ಸಾಕೆಟ್‌ಗಳಲ್ಲಿ ಟೆಸ್ಟ್, ರೀಸೆಟ್ ಎಂಬ ಎರಡು ಪುಟ್ಟ ಗುಂಡಿ ಇರುವುದನ್ನು ಹುಡುಕಿ, ಒಣ ಕೈಯಲ್ಲಿ ರೀಸೆಟ್ ಒತ್ತಿ. ಒಂದೇ ಗುಂಡಿ ಹಲವು ಸಾಕೆಟ್‌ಗಳನ್ನು ಕಾಯುತ್ತಿರಬಹುದು, ಬಚ್ಚಲು, ಗ್ಯಾರೇಜನ್ನೂ ನೋಡಿ. ಒತ್ತಿದ ಕೂಡಲೇ ಹೊರಗೆ ಚಿಮ್ಮಿದರೆ ಎಲ್ಲ ಪ್ಲಗ್ ಕಿತ್ತು, ಮತ್ತೆ ರೀಸೆಟ್ ಒತ್ತಿ, ಒಂದೊಂದಾಗಿ ಹಾಕಿ. ಯಾವುದಕ್ಕೆ ಚಿಮ್ಮಿತೋ ಅದೇ ಕಳ್ಳ.

ಅದಲ್ಲದಿದ್ದರೆ ಬ್ರೇಕರ್. ಅಡುಗೆಮನೆಯ 20 ಆಂಪಿಯರ್ ಲೈನು 120 ವೋಲ್ಟಿಗೆ 2400 ವಾಟ್ ಮಾತ್ರ ಹೊರುತ್ತದೆ. 1500 ವಾಟ್ ಕೆಟಲ್ಲೂ ಮೈಕ್ರೋವೇವೂ ಒಂದೇ ಲೈನಿನಲ್ಲಿ ಒಟ್ಟಿಗೆ ಓಡಿದರೆ ಬ್ರೇಕರ್ ಬೀಳಬಹುದು. ಬಿದ್ದ ಬ್ರೇಕರಿನ ಹಿಡಿ ನಡುವೆ ನಿಂತಿರುತ್ತದೆ, ಮೇಲ್ನೋಟಕ್ಕೆ ಸರಿಯಾಗಿದೆ ಅನ್ನಿಸುತ್ತದೆ. ಮೊದಲು ಪೂರ್ತಿ ಆಫ್ ಕಡೆಗೆ ತಳ್ಳಿ, ಟಕ್ ಅಂದ ಮೇಲೆ ಆನ್ ಮಾಡಿ.