ಕಿರಣ ದಾರಿ ತೋರಿಸುತ್ತದೆ, ವೇಗ ತೋರಿಸುವುದಿಲ್ಲ

ಪ್ರಶ್ನೆ: ಮಂಜು ಕವಿದಾಗ ಪೈಲಟ್‌ಗಳು ಐಎಲ್‌ಎಸ್ ಸಂಕೇತ ನೋಡಿ ವಿಮಾನ ಇಳಿಸುತ್ತಾರಂತೆ. ಹಾಗಿದ್ದೂ ಕಲಬುರಗಿ, ಬೀದರ್‌ಗೆ ಬರುವಂಥ ಸಣ್ಣ ವಿಮಾನಗಳು ಇಳಿಯುವ ಹೊತ್ತಿಗೆ ಬೀಳುವುದೇಕೆ? ಸಂಕೇತ ಕೆಡುತ್ತದೆಯೇ?
– ಓದುಗರೊಬ್ಬರು, ಸೇಡಂ

ಉತ್ತರ: ಸಂಕೇತ ನೆಟ್ಟಗಿದ್ದರೂ ವಿಮಾನ ಬೀಳಬಹುದು. ಐಎಲ್‌ಎಸ್ ಅಂದರೆ ರನ್‌ವೇಗೆ ದಾರಿ ತೋರಿಸುವ ರೇಡಿಯೊ ವ್ಯವಸ್ಥೆ. ಅದರಲ್ಲಿ ಎರಡು ರೇಡಿಯೊ ಕಿರಣಗಳಿವೆ. ಲೋಕಲೈಜರ್ ರನ್‌ವೇಯ ನಡುಗೆರೆ ತೋರಿಸುತ್ತದೆ. ಗ್ಲೈಡ್‌ಸ್ಲೋಪ್ ಇಳಿಜಾರು, ಸಾಮಾನ್ಯವಾಗಿ 3 ಡಿಗ್ರಿ. ಕಲಬುರಗಿ ರನ್‌ವೇಯಷ್ಟು ಉದ್ದ, ಅಂದರೆ 3175 ಮೀಟರ್ ಸಾಗುವಷ್ಟರಲ್ಲಿ ಸುಮಾರು 165 ಮೀಟರ್ ಇಳಿಯಬೇಕು. ವೇಗದ ಬಗ್ಗೆ ಈ ಕಿರಣಗಳು ಏನೂ ಹೇಳುವುದಿಲ್ಲ.

2009ರ ಫೆಬ್ರುವರಿ 12ರಂದು ಅಮೆರಿಕದ ಬಫಲೋ ಬಳಿ ಕ್ಯೂ400 ಎಂಬ ಪ್ರೊಪೆಲರ್ ವಿಮಾನ ಬಿದ್ದದ್ದು ಹೀಗೆಯೇ. ಒಳಗಿದ್ದ 49 ಜನ, ನೆಲದ ಮೇಲೆ ಒಬ್ಬರು ಸತ್ತರು. 2300 ಅಡಿಯಲ್ಲಿ ಆಟೊಪೈಲಟ್ ಎತ್ತರ ಕಾಯುತ್ತಿತ್ತು. ಎಂಜಿನ್ ಶಕ್ತಿ ತಗ್ಗಿಸಿ, ಚಕ್ರ ಇಳಿಸಿ, ಪ್ರೊಪೆಲರ್ ಪೂರ್ಣ ಸುತ್ತಿಗೆ ತಂದಾಗ ಗಾಳಿಯ ತಡೆ ಒಮ್ಮೆಲೇ ಏರಿತು. ಎತ್ತರ ಬಿಡದಿರಲು ಆಟೊಪೈಲಟ್ ಮೂತಿ ಎತ್ತುತ್ತ ಹೋಯಿತು, ವೇಗ ಇಳಿಯುತ್ತ ಹೋಯಿತು. ಇಬ್ಬರೂ ಪೈಲಟ್‌ಗಳು ಗಮನಿಸಲಿಲ್ಲ.

131 ನಾಟ್‌ಗೆ (ಗಂಟೆಗೆ ಸುಮಾರು 243 ಕಿ.ಮೀ.) ಸ್ಟಿಕ್ ಶೇಕರ್, ಅಂದರೆ ಪೈಲಟ್ ಕೈಯ ಸ್ಟಿಕ್ಕನ್ನು ಅಲುಗಿಸುವ ಸಾಧನ, ನಡುಗಿತು. ಇದು ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುಂಚಿನ ಎಚ್ಚರಿಕೆ. ಹಿಮದಲ್ಲಿ ಹಾರುವಾಗ ಹಾಕುವ ಸ್ವಿಚ್ ಆನ್ ಇದ್ದುದರಿಂದ ಅದು ಬೇಗನೇ ಬಂತು. ಇಳಿಯುವ ವೇಗವನ್ನು ಮಾತ್ರ ಹಿಮವಿಲ್ಲದ ಲೆಕ್ಕಕ್ಕೆ, 118 ನಾಟ್‌ಗೆ ಇಟ್ಟಿದ್ದರು. ಆಗಲೂ ಉಳಿಯಲು ಅವಕಾಶವಿತ್ತು: ಮೂತಿ ಕೆಳಗೆ ತಳ್ಳಿ ಪೂರ್ತಿ ಶಕ್ತಿ ಕೊಡಬೇಕು. ಕ್ಯಾಪ್ಟನ್ ಸ್ಟಿಕ್ಕನ್ನು ತಮ್ಮ ಕಡೆ ಎಳೆದರು. ಸಹ ಪೈಲಟ್ ಕೇಳದೆಯೇ ಫ್ಲ್ಯಾಪ್ (ನಿಧಾನ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುವ ರೆಕ್ಕೆಯ ಹಿಂಬದಿ ಫಲಕ) ಮಡಚಿದರು. ರೆಕ್ಕೆ ಎತ್ತುವ ಬಲ ಕಳೆದುಕೊಂಡಿತು. ಹಿಮವೇ ಕಾರಣವೆಂದು ಮೊದಲು ಬಹಳ ಮಂದಿ ನಂಬಿದ್ದರು. ತನಿಖೆ ಬೊಟ್ಟು ಮಾಡಿದ್ದು ಆ ಎಳೆತದ ಕಡೆಗೆ.

1993ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಹಿಬ್ಬಿಂಗ್‌ನಲ್ಲಿ 18 ಜನರನ್ನು ಬಲಿ ಪಡೆದದ್ದು ಇನ್ನೊಂದು ಬಗೆಯ ತಪ್ಪು. ಅಲ್ಲಿ ಲೋಕಲೈಜರ್ ಮಾತ್ರ ಬಳಸಿದ್ದರು, ಇಳಿಜಾರಿನ ಕಿರಣವಿರಲಿಲ್ಲ. ವಿಮಾನ ತೀರಾ ಕಡಿದಾಗಿ ಇಳಿಯಿತು, ಇಬ್ಬರು ಪೈಲಟ್‌ಗಳ ನಡುವೆ ಹೊಂದಾಣಿಕೆಯೂ ಇರಲಿಲ್ಲ. ನೆಲ ಹತ್ತಿರವಾಯಿತೆಂದು ಕೂಗುವ ಯಂತ್ರ ವಿಮಾನದಲ್ಲಿರಲಿಲ್ಲ.

ಅದಕ್ಕೇ ಮಂಜಿನಲ್ಲಿ 1000 ಅಡಿಗೆ ಬರುವಷ್ಟರಲ್ಲಿ ಚಕ್ರ, ಫ್ಲ್ಯಾಪ್, ವೇಗ ಎಲ್ಲ ಸಿದ್ಧವಿರಬೇಕು, ಇಳಿತ ನಿಮಿಷಕ್ಕೆ 1000 ಅಡಿ ಮೀರಬಾರದು. ಇಲ್ಲವಾದರೆ ಮತ್ತೆ ಮೇಲೇರಬೇಕು. ನೀವು ಕೂತ ವಿಮಾನ ರನ್‌ವೇ ಹತ್ತಿರ ಬಂದು ದಿಢೀರನೆ ಮೇಲೆದ್ದರೆ ಗಾಬರಿಯಾಗಬೇಡಿ, ಪೈಲಟ್ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ.