ತುಂಬೆ ಗಿಡ ಯಾಕೆ ಒಣಗಿತು?

ಪ್ರಶ್ನೆ: ಶಿವಪೂಜೆಗೆ ಆಗುತ್ತದೆ ಎಂದು ಪಕ್ಕದ ಖಾಲಿ ಸೈಟಿನಿಂದ ತುಂಬೆ ಗಿಡ ತಂದು ಕುಂಡದಲ್ಲಿ ನೆಟ್ಟಿದ್ದೆ. ಚೆನ್ನಾಗಿ ಹೂ ಬಿಟ್ಟಿತು. ಈಗ ನೀರು, ಗೊಬ್ಬರ ಎಷ್ಟು ಹಾಕಿದರೂ ಒಣಗುತ್ತಿದೆ. ಏನಾದರೂ ರೋಗವೇ?
– ಓದುಗರೊಬ್ಬರು, ತುಮಕೂರು

ಉತ್ತರ: ರೋಗ ಅಲ್ಲ ಅಮ್ಮ, ತುಂಬೆಯ ಆಯುಷ್ಯವೇ ಅಷ್ಟು. ಮಳೆಗೆ ಹುಟ್ಟಿ, ಹೂ ಬಿಟ್ಟು, ಬೀಜ ಕಟ್ಟಿ, ವರ್ಷ ತುಂಬುವುದರೊಳಗೆ ಒಣಗುವ ಗಿಡ ಅದು. ಗೊಬ್ಬರ ನಿಲ್ಲಿಸಿಬಿಡಿ.

ಆದರೆ ಒಣಗಿದ ಗಿಡವನ್ನು ದಯವಿಟ್ಟು ಕಸಕ್ಕೆ ಹಾಕಬೇಡಿ. ದಂಟಿನ ಗೆಣ್ಣುಗಳಲ್ಲಿ ದುಂಡನೆಯ ಗೊಂಚಲು ಇದೆಯಲ್ಲ, ಅದನ್ನು ಅಂಗೈ ಮೇಲೆ ತಲೆಕೆಳಗು ಹಿಡಿದು ತಟ್ಟಿ. ಹೂ ಉದುರಿದ ಮೇಲೂ ಉಳಿಯುವ ಸಣ್ಣ ಕೊಳವೆಗಳಿಂದ ಕಂದು ಬೀಜಗಳು ಬೀಳುತ್ತವೆ. ಒಂದೊಂದರಲ್ಲಿ ಹೆಚ್ಚೆಂದರೆ 4. ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಮುಂಗಾರು ಶುರುವಾದಾಗ ಬಿಸಿಲು ಬೀಳುವ ಕಡೆ ಸುಮ್ನೆ ಚೆಲ್ಲಿ, ಮೇಲೆ ಕೈಯಾಡಿಸಿದರೆ ಸಾಕು. ರಸ್ತೆ ಬದಿಯಲ್ಲಿ ಬೆಳೆಯುವ ಗಿಡಕ್ಕೆ ಒಳ್ಳೇ ಮಣ್ಣೇ ಆಗಬೇಕೆಂದಿಲ್ಲ. ನೀರು ಮಾತ್ರ ನಿಲ್ಲಬಾರದು.

ಮತ್ತೆ ಹೂ ಬಿಟ್ಟಾಗ ಹತ್ತಿರ ಕೂತು ನೋಡಿ. ದಂಟು ತುಳಸಿಯ ಹಾಗೇ ಚೌಕ, ಎರಡೂ ಒಂದೇ ಕುಟುಂಬ. ಬಿಳಿ ಹೂವಿನ ಕೆಳತುಟಿ ಅಗಲ. ಮೇಲ್ತುಟಿ ಮಾತ್ರ ಪುಟ್ಟ ಟೊಪ್ಪಿ, ಅದರ ಮೇಲೆಲ್ಲ ಬಿಳಿ ರೋಮ. ಕೇಸರಗಳು ಆ ಟೊಪ್ಪಿಯೊಳಗೆ ಅಡಗಿರುತ್ತವೆ. ಜೇನುನೊಣ ಕೆಳತುಟಿಯ ಮೇಲೆ ಕೂತು ಒಳಗೆ ಬಾಯಿ ಹಾಕಿದಾಗ ಮೇಲಿಂದ ಪರಾಗ ಮೆತ್ತಿಕೊಳ್ಳುತ್ತದೆ. ಬುಡದಲ್ಲಿರುವ ಆ ಸಿಹಿ ಹಳ್ಳಿ ಮಕ್ಕಳಿಗೂ ಚೆನ್ನಾಗಿ ಗೊತ್ತು, ಹೂ ಎಳೆದು ಚೀಪುತ್ತಾರೆ.

ಖಾಲಿ ಸೈಟು ಅಂದಿರಿ, ಅಲ್ಲಿ ಕಾಂಗ್ರೆಸ್ ಗಿಡವೂ ಇರಬೇಕು, ಅಲ್ವಾ? ಅದು ಅಮೆರಿಕ ಖಂಡದ್ದು, 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ಆಮೇಲೆ ಎಲ್ಲೆಡೆ ಹಬ್ಬಿತು. ತುಂಬೆ ನಮ್ಮ ನೆಲದ್ದೇ. ಕಳೆನಾಶಕ ಹೊಡೆದರೆ ಎರಡೂ ಸಾಯುತ್ತವೆ, ನನಗೆ ಸಂಕಟವಾಗುವುದು ಅದಕ್ಕೇ. ಕೈಗೆ ಗವಸು ಹಾಕಿಕೊಂಡು, ಹೂ ಬಿಡುವ ಮುಂಚೆಯೇ ಕಾಂಗ್ರೆಸ್ ಗಿಡವನ್ನಷ್ಟೇ ಕೀಳಿಸಿ. ಸೈಟಿನವರಿಗೂ ಒಂದು ಮಾತು ಹೇಳಿ ನೋಡಿ.

ಪೂಜೆಗೆ ಬಿಡಿಸುವಾಗ ಬಿಳಿ ಹೂವನ್ನಷ್ಟೇ ಮೆಲ್ಲಗೆ ಎಳೆಯಿರಿ, ಸಲೀಸಾಗಿ ಬರುತ್ತದೆ. ಗೊಂಚಲನ್ನೇ ಚಿವುಟಬೇಡಿ. ಬೀಜ ಕಟ್ಟುವುದು ಅದರೊಳಗೇ.