ಗುಂಪಿನಲ್ಲಿ ಗೋವಿಂದ ಅಲ್ಲ

ಸಕಲೇಶಪುರದ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗಳು ಎರಡನೇ ಕ್ಲಾಸು. ಚೆನ್ನಾಗಿ ಹಾಡುತ್ತಾಳೆ. ಶಾಲೆಯ ವಾರ್ಷಿಕೋತ್ಸವಕ್ಕೆ ಮೂವತ್ತು ಮಕ್ಕಳ ಸಮೂಹಗಾನದಲ್ಲಿ ಸೇರಿಸಿ ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಗುಂಪಿನಲ್ಲಿ ಗೋವಿಂದ ಆಗಿಬಿಡುತ್ತಾಳೆ. ಒಬ್ಬಳೇ ಹಾಡಲು ಬಿಡಿ ಎಂದು ಕೇಳುವುದು ತಪ್ಪೇ?’

ತಪ್ಪೇನಿಲ್ಲ ತಾಯೀ. ಒಬ್ಬಳೇ ನಿಂತು ಹಾಡಿದರೆ ಸಭಾಕಂಪನ ಹೋಗುತ್ತದೆ. ಒಪ್ಪಿದೆ. ಆದರೆ ಗುಂಪಿನಲ್ಲಿ ಗೋವಿಂದ ಅಂದಿರಲ್ಲ, ಅದನ್ನು ಓದಿ ನನಗೆ ಸುಮ್ಮನಿರಲು ಆಗಲಿಲ್ಲ.

ಏಳು ವರ್ಷದ ಮಗುವಿಗೆ ಗಂಟಲು ಬಂದಿರುತ್ತದೆ, ಕಿವಿ ಇನ್ನೂ ಬಲಿತಿರುವುದಿಲ್ಲ. ಅದು ಬಲಿಯುವುದು ಪಕ್ಕದ ಮಗುವಿನ ದನಿ ಕೇಳಿಸಿಕೊಂಡೇ. ಅರಕಲಗೂಡು ಕಡೆಯ ಪರಿಚಯದ ಮೇಡಂ ಒಬ್ಬರು ಒಂದು ಆಟ ಆಡಿಸುತ್ತಾರೆ. ಮಕ್ಕಳು ಕೈಯಲ್ಲಿ ಎಂಟು ಎಣಿಕೆಯ ಆದಿತಾಳ ಹಾಕುತ್ತಾ ಹಾಡಬೇಕು. ಮೇಡಂ ಮುಷ್ಟಿ ಹಿಡಿದರೆ ಬಾಯಿ ಬಂದ್. ಕೈ ಮಾತ್ರ ನಡೆಯಬೇಕು, ಹಾಡು ಮನಸ್ಸಿನಲ್ಲೇ ಓಡಬೇಕು. ಎಂಟು ಎಣಿಕೆ ಕಳೆದು ಮುಷ್ಟಿ ಬಿಚ್ಚಿದರೆ ಎಲ್ಲರೂ ಒಂದೇ ಅಕ್ಷರಕ್ಕೆ ಬಂದು ಸೇರಬೇಕು. ಮೊದಲ ದಿನ ಬರೀ ಸಂತೆ. ಮೂರನೇ ವಾರ ಹೋಗಿ ಕೇಳಿದೆ, ಮೈ ಜುಮ್ಮೆಂದಿತು. ಒಬ್ಬಳೇ ಹಾಡುವ ಮಗುವಿಗೆ ಈ ಪಾಠ ಎಲ್ಲಿ ಸಿಗುತ್ತದೆ, ಹೇಳಿ?

ನಿಮ್ಮ ಜಿಲ್ಲೆಯ ರುದ್ರಪಟ್ಟಣವನ್ನೇ ನೋಡಿ. ಕಾವೇರಿ ದಂಡೆಯ ಆ ಸಣ್ಣ ಊರು ಕರ್ನಾಟಕ ಸಂಗೀತದ ದೊಡ್ಡ ಗಾಯಕ ಆರ್.ಕೆ. ಶ್ರೀಕಂಠನ್ ಅವರನ್ನು ಕೊಟ್ಟಿತು, ಸರಿ. ಜೊತೆಯಾಗಿ ಹಾಡಿಯೇ ಹೆಸರಾದ ರುದ್ರಪಟ್ಟಣಂ ಸಹೋದರರನ್ನೂ ಕೊಟ್ಟಿತಲ್ಲ! ದೂರದ ಜಪಾನಿನಲ್ಲಿ ಶಿನಿಚಿ ಸುಜುಕಿ ಪುಟ್ಟ ಮಕ್ಕಳಿಗೆ ಪಿಟೀಲು ಕಲಿಸಿದರು. ಮಗು ತಾಯಿನುಡಿ ಕಲಿಯುವ ಹಾಗೆಯೇ ಸಂಗೀತವನ್ನೂ ಕಲಿಯುತ್ತದೆ ಎನ್ನುವುದು ಅವರ ನಂಬಿಕೆ. ಒಬ್ಬೊಬ್ಬರಿಗೆ ಪಾಠ ಹೇಳಿದರೂ ಗುಂಪಿನ ಪಾಠ ಬಿಡಲಿಲ್ಲ. 1955ರಲ್ಲಿ ಟೋಕಿಯೋದಲ್ಲಿ ಸಾವಿರಕ್ಕೂ ಜಾಸ್ತಿ ಮಕ್ಕಳು ಒಟ್ಟಿಗೆ ಕಮಾನು ಎಳೆದರು. ಅಲ್ಲಿ ಹಿಂದಿನ ಸಾಲು ಎಷ್ಟು ಹಿಂದೆ ಇದ್ದಿರಬೇಕು, ಯೋಚಿಸಿ.

ಗುಂಪಿನಲ್ಲಿ ಮಕ್ಕಳು ಹಾಳಾಗುವುದೂ ಉಂಟು. ಅದು ಹಾಡಿಸುವವರ ತಪ್ಪು. ಮೇಷ್ಟ್ರು ತಮ್ಮ ಗಂಟಲಿಗೆ ಹೊಂದುವ ಶ್ರುತಿ (ಹಾಡಿಗೆ ಆಧಾರವಾದ ಸ್ವರ) ಇಟ್ಟರೆ ಮಕ್ಕಳಿಗೆ ಕೆಳಗಿನ ಸ್ವರ ಸಿಗುವುದಿಲ್ಲ, ಗೊಣಗುತ್ತವೆ. ಆಮೇಲೆ ‘ಇದಕ್ಕೆ ರಾಗವೇ ಇಲ್ಲ’ ಎಂಬ ಬೈಗುಳ ಬೇರೆ. ನನಗೆ ನಾಲ್ಕನೇ ಕ್ಲಾಸಿನಲ್ಲಿ ಒಬ್ಬರು ಹೇಳಿದ್ದರು: ‘ನೀನು ಸುಮ್ನೆ ಬಾಯಿ ಆಡಿಸು, ದನಿ ಬಿಡಬೇಡ.’ ಐವತ್ತು ವರ್ಷ ದಾಟಿತು. ಈಗಲೂ ಮಂಗಳಾರತಿ ಹೊತ್ತಿಗೆ ನನಗೆ ದನಿ ಏಳುವುದಿಲ್ಲ. ಮೇಡಂ ಮುಷ್ಟಿ ಹಿಡಿದಾಗ ಸುಮ್ಮನಾಗುವುದೇ ಬೇರೆ, ಇದೇ ಬೇರೆ.

2022ರಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ ಗೊತ್ತುಮಾಡಿತು. 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು ಎಂದಿತು. ಒಳ್ಳೆಯದೇ. ಆದರೆ ಅದನ್ನು ಮಕ್ಕಳ ಬಾಯಿಗೆ ಕೂರಿಸಲು ಸಂಗೀತ ಮೇಷ್ಟ್ರು ಎಷ್ಟು ಶಾಲೆಯಲ್ಲಿದ್ದಾರೆ? ಎಷ್ಟೋ ಸಮಾರಂಭಗಳಲ್ಲಿ ನೋಡಿದ್ದೇನೆ. ಪೆನ್ ಡ್ರೈವ್ ಚುಚ್ಚುತ್ತಾರೆ, ಸ್ಪೀಕರ್ ಹಾಡುತ್ತದೆ, ಮಕ್ಕಳು ತುಟಿ ಆಡಿಸುತ್ತವೆ. ಥೇಟ್ ನನ್ನ ಹಾಗೆ! ಇನ್ನು ಟೀವಿಯ ಸ್ಪರ್ಧೆಗಳು. ಆರು ವರ್ಷದ ಮಗು, ಮುಖದ ಮೇಲೆ ಲೈಟು, ಕೆಳಗೆ ಅಮ್ಮನ ಕಣ್ಣೀರು. ಬೇಲೂರಿಗೆ ಹೋದರೂ ನಾವು ಮದನಿಕೆಯ ಮುಖದ ಫೋಟೋ ತೆಗೆದು ವಾಪಸು ಬರುತ್ತೇವೆ. ಅವಳ ಕಾಲ ಬಳಿ ವಾದ್ಯ ನುಡಿಸುವ ಪುಟ್ಟ ಗೊಂಬೆಗಳ ಕಡೆ ಕಣ್ಣೇ ಹೋಗುವುದಿಲ್ಲ.

ಎಲ್ಲಿಂದ ಎಲ್ಲಿಗೋ ಬಂದೆ. ನಿಮ್ಮ ಮಗಳು ಹಿಂದಿನ ಸಾಲಿನಲ್ಲೇ ಇರಲಿ. ಮನೆಗೆ ಬಂದಾಗ ‘ನೀನು ಹೇಗೆ ಹಾಡಿದೆ’ ಅಂತ ಕೇಳಬೇಡಿ, ‘ಪಕ್ಕದವಳು ಹೇಗೆ ಹಾಡಿದಳು’ ಅಂತ ಕೇಳಿ. ಶಾಲೆಯವರನ್ನು ಕೇಳಲೇಬೇಕು ಅಂತಿದ್ದರೆ ಇಷ್ಟು ಕೇಳಿ: ಶ್ರುತಿ ಮಕ್ಕಳ ಗಂಟಲಿಗೆ ಇಡಿ, ಮೈಕನ್ನು ನಡುವೆ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ಯಾವ ಮಗುವಿನ ಕೈಗೂ ಕೊಡಬೇಡಿ.

– ಸಂ.